ಏಳು ಕೋರ್ಸು

ಭಾನುವಾರ ಮನೆಗೇ ಬಂದು ಅಡುಗೆ ಮಾಡುತ್ತಾನಂತೆ ಒಬ್ಬ,
ತನ್ಮಯ ಪೆಡ್ನೇಕರ್. ಚಾಕು ತಾನೇ ತರುತ್ತಾನಂತೆ.
ನನಗೆ ಎಪ್ಪತ್ತು ತುಂಬುವುದಕ್ಕೆ ಮಗಳು ಮುಂಗಡ ಕೊಟ್ಟಾಗಿದೆ.
'ಮೆನು ನೀವೇ ಆರಿಸಿ ಪಪ್ಪಾ' ಎಂದು ಫೋನು ಕೈಗಿಟ್ಟು
ಭಾಂಡುಪ್ಪಿನ ಎಂಟೂ ಹತ್ತರ ಲೋಕಲ್ಲಿಗೆ ಓಡಿದಳು.

ಕನ್ನಡಕ ಒರೆಸಿ ಓದಿದೆ.
ಮೊದಲು ಎಳನೀರಿನ ನೊರೆ. ನೊರೆ ಅಂದರೆ ನೊರೆಯೇ.
ಆಮೇಲೆ ಬಿಚ್ಚಿಟ್ಟ ಪತ್ರೊಡೆ, ಎಲೆ ಒಂದು ಕಡೆ, ಹಿಟ್ಟು ಒಂದು ಕಡೆ.
'ಸುತ್ತಲು ಬಾರದವರು ಹಾಗೆ ಮಾಡುವುದು' ಎಂದಳು ಗುಲಾಬಿ.
ಹೀಗೆ ಏಳು ಕೋರ್ಸು.
ಚಿತ್ರದಲ್ಲಿ ತಟ್ಟೆಯ ನಡುವೆ ಇಷ್ಟೇ ಇಷ್ಟು, ಸುತ್ತ ಬರೀ ಬಿಳಿ,
ಮೈದಾನದಲ್ಲಿ ಯಾರೋ ಮರೆತ ಒಂಟಿ ಚಪ್ಪಲಿಯ ಹಾಗೆ.

ಮೆನು ಅಂದರೆ ನನಗೆ ಓದುವುದಲ್ಲ, ಉಸಿರು.
ಫೋರ್ಟಿನ ಆ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ
ಇಡ್ಲಿವಡಾದೋಸಾಉಪ್ಮಾಶೀರಾ,
ಒಂದೇ ದಮ್ಮಿಗೆ, ಬೇಕಾದರೆ ಮರಾಠಿಯಲ್ಲಿ, ಗುಜರಾತಿಯಲ್ಲಿ,
ಹೈಕೋರ್ಟಿನ ವಕೀಲರಿಗೆ ಸರ್ ಸೇರಿಸಿ.
ಮುಖ ನೋಡಿದರೆ ಸಾಕಿತ್ತು.
ಕೇಸು ಸೋತವನಿಗೆ ಮೊಸರನ್ನ,
ಪಗಾರ ಆದವನಿಗೆ ಮೈಸೂರು ಮಸಾಲೆ,
ಹುಡುಗಿಯನ್ನು ಕರೆತಂದವನಿಗೆ
ಯಾವುದು ತಡವಾಗಿ ಬರುತ್ತದೋ ಅದು.

ನಾನು ತಿನ್ನುತ್ತಿದ್ದದ್ದು ಮೂರೂವರೆಗೆ,
ಗ್ರೈಂಡರಿನ ಪಕ್ಕ, ನಿಂತುಕೊಂಡೇ:
ಕಾವಲಿಗೆ ಅಂಟಿ ಹರಿದ ದೋಸೆಯ ಅಂಚು,
ಸಾಂಬಾರಿನ ತಳದ ಗಟ್ಟಿ,
ಅದೃಷ್ಟ ಇದ್ದರೆ ಅದರಲ್ಲೊಂದು ನುಗ್ಗೆ.
ಅದಕ್ಕೆ ಹೆಸರಿರಲಿಲ್ಲ. ರೇಟೂ ಇರಲಿಲ್ಲ.
ಪಾತ್ರೆ ತೊಳೆಯುವ ಸೋಂಪ
ಈರುಳ್ಳಿಯನ್ನು ಮುಷ್ಟಿಯಿಂದ ಗುದ್ದಿ ಅರ್ಧ ಕೊಡುತ್ತಿದ್ದ.

ಗುಲಾಬಿಗೆ ಬೇರೆಯೇ ಚಿಂತೆ.
ಉಪ್ಪಿನ ಡಬ್ಬಕ್ಕೆ ಯಾರ್ಯಾರೋ ಕೈ ಹಾಕುವುದು ಬೇಡ, ಉಪ್ಪೂ ಅವನೇ ತರಲಿ.
ಗುರುವಾರದಿಂದ ಅಡುಗೆಮನೆ ತೊಳೆಯುತ್ತಿದ್ದಾಳೆ
ಅಡುಗೆಯವನು ಬರುತ್ತಾನೆಂದು.

ಹನ್ನೊಂದಕ್ಕೆ ಹುಡುಗನ ಫೋನು.
ಬರ್ನರು ಎಷ್ಟು? ಎರಡು.
ಓವನ್ನು? ಆ ಜಾಗದಲ್ಲಿ ಅಕ್ಕಿ ಡಬ್ಬ ಇದೆ.
ಇಬ್ಬರು ನಿಲ್ಲಬಹುದಾ ಒಳಗೆ?
ಜಗಳ ಇಲ್ಲದಿದ್ದರೆ.
ಅಲರ್ಜಿ? ಗೊತ್ತಿಲ್ಲಪ್ಪ, ಯಾರೂ ಕೇಳಿರಲಿಲ್ಲ.
'ಅದೆಲ್ಲ ಬಿಡಿ ಅಂಕಲ್, ನಿಮಗೆ ಇಷ್ಟ ಏನು?'

ತಡವರಿಸಿದೆ.
ಗಿರಾಕಿ ತಡವರಿಸಿದರೆ ನಾನು ಪಕ್ಕದ ಟೇಬಲ್ಲು ಒರೆಸುತ್ತಿದ್ದೆ,
ಅವರ ಮಾನ ಉಳಿಯಲಿ ಎಂದು.
ಆ ಕಡೆ ಅವನೂ ಏನೋ ಒರೆಸುತ್ತಿರುವ ಸದ್ದು.

ಕೊನೆಗೆ ನಾನೇ ಕೇಳಿದೆ,
ಕೆಲಸ ಮುಗಿದ ಮೇಲೆ ನೀನೇನು ತಿನ್ನುತ್ತಿ?
ನಕ್ಕ. ಕುರ್ಲಾ ಸ್ಟೇಷನ್ನಿನ ಹೊರಗೆ ಬುರ್ಜಿ ಪಾವ್,
ಕೊನೆಯ ಗಾಡಿಗೆ ಮೊದಲು, ನಿಂತುಕೊಂಡೇ.
'ನಿಂತುಕೊಂಡೇ' ಅಂದದ್ದು ಅವನು, ನಾನು ಸೇರಿಸಿದ್ದಲ್ಲ.

ನೊರೆ ಬೇಡ ಅಂದೆ.
ಪತ್ರೊಡೆ ಸುತ್ತಿಯೇ ಇರಲಿ, ಬಾರದಿದ್ದರೆ
ನಮ್ಮವಳು ತೋರಿಸುತ್ತಾಳೆ, ಬೈದುಕೊಂಡು.
ಬಂಗುಡೆ ಮಾತ್ರ ನಿನ್ನಿಷ್ಟ, ಹೊಗೆ ಹಾಕು, ಎಲೆಯಲ್ಲಿ ಕಟ್ಟು.
ಮತ್ತೆ ಆರು ತಟ್ಟೆಯಲ್ಲ, ಏಳು.
'ಮಗಳು ಆರೆಂದಿದ್ದರು. ಇನ್ನೊಬ್ಬರು ಯಾರು?'
ಕುರ್ಚಿ ಪಕ್ಕದ ಮನೆಯಿಂದ ತರುತ್ತೇನೆ, ಎಂದೆ.

ಲೈಟ್ ಬಿಲ್ಲಿನ ಬೆನ್ನಿಗೆ ಎಲ್ಲ ಬರೆದುಕೊಂಡೆ.
ಪೆನ್ಸಿಲು ಕಿವಿಯ ಮೇಲೆ ಹೋಗಿ ಕೂತದ್ದು ಆಮೇಲೆ ಗೊತ್ತಾಯಿತು.
ಒಂದು ಐಟಂ ಬಿಟ್ಟಿದೆ ಅನಿಸಿ
ಅಡುಗೆಮನೆಯ ಕಡೆಗೆ ಬಾಯಿ ತಾನಾಗಿ ಕೂಗಿತು, ಹಳೆಯ ದನಿಯಲ್ಲಿ:
ಒಂದು ಸಾದಾ, ಕಡಕ್, ಅಂಚು ಹರಿದದ್ದು!

ಒಳಗಿನಿಂದ ಗುಲಾಬಿ:
ಹಿಟ್ಟು ಮುಗಿದಿದೆ.