ಗ್ಲಾಕಸ್ ನಾಲ್ಕು ಸಲ

ಚೌಕಿಪೇಟೆಯ ಪ್ರೆಸ್ಸಿನ ಅಟ್ಟದ ಮೇಲೆ
ಫ್ಯಾನು ತಿರುಗಿದರೆ ಕಾಗದ ಹಾರುತ್ತದೆ,
ನಿಲ್ಲಿಸಿದರೆ ನಾನು ಬೇಯುತ್ತೇನೆ.
ಮದುವೆ ಕಾರ್ಡು, ಮಂಡಿಯ ಬಿಲ್‌ಬುಕ್ಕು,
ಶಿವಗಣಾರಾಧನೆಯ ಕರೆಯೋಲೆ, ಇವುಗಳ ಸಂದಿಯಲ್ಲಿ
ಪಂಚಾಕ್ಷರಯ್ಯ ಮೇಷ್ಟ್ರ ಗ್ರೀಕ್ ಪುರಾಣಗಳ ಹೆಸರಿನ ಕೋಶ:
ಇನ್ನೂರು ಹಾಳೆ, ಹಸಿರು ಇಂಕು, ಇರುವೆಸಾಲು ಅಕ್ಷರ,
ಪುಟಕ್ಕೆ ಹದಿನೆಂಟು ರೂಪಾಯಿ.

ಗಕಾರದಲ್ಲಿ ಗ್ಲಾಕಸ್ ಬಂದ.
ಕೆಳಗೆ ಮತ್ತೆ ಗ್ಲಾಕಸ್. ಮತ್ತೆ. ಇನ್ನೊಮ್ಮೆ.
ಮೇಷ್ಟ್ರಿಗೆ ಎಪ್ಪತ್ತಾರು, ಮರೆತು ಬರೆದಿರಬೇಕು ಅಂದುಕೊಂಡು
ಒಂದನ್ನುಳಿಸಿ ಮೂರನ್ನು ಅಳಿಸಿದೆ.
ಬಿಲ್‌ಬುಕ್ಕಿನಲ್ಲಿ ಒಂದೇ ನಂಬರು ಎರಡು ಸಲ ಬಂದರೆ
ಗೌಸ್ ಸಾಹೇಬರು ಕೂಲಿ ಹಿಡಿಯುತ್ತಾರೆ.

ಮೂರನೇ ದಿನ ಮೆಟ್ಟಿಲು ಹತ್ತಿ ಬಂದರು.
ಬೈಯಲಿಲ್ಲ. ಕೊಡೆ ಮೂಲೆಗಿಟ್ಟು, ಏದುಸಿರು ಇಳಿದ ಮೇಲೆ,
"ತಂಗೀ, ಮೂರು ಜನರನ್ನು ತೆಗೆದಿದ್ದೀಯಲ್ಲಾ," ಅಂದರು.

ಒಬ್ಬ ಬಲೆ ಬೀಸುವವನು.
ಸತ್ತ ಮೀನು ಹುಲ್ಲು ತಾಗಿ ನೀರಿಗೆ ಜಿಗಿದದ್ದು ಕಂಡು
ತಾನೂ ಆ ಹುಲ್ಲು ಮೆದ್ದು ಸಮುದ್ರದ ದೇವರಾದ; ಗಡ್ಡದ ತುಂಬ ಪಾಚಿ.
ಒಬ್ಬ ಯುದ್ಧದ ನಟ್ಟನಡುವೆ
ಹಗೆಯವನಲ್ಲಿ ಅಜ್ಜನ ಕಾಲದ ನೆಂಟು ಪತ್ತೆಹಚ್ಚಿ
ಚಿನ್ನದ ಕವಚ ಕೊಟ್ಟ, ಕಂಚಿನದು ತೊಟ್ಟ.
"ನಮ್ಮ ಮಂಡಿಪೇಟೆಯವರು ಕೇಳಿದರೆ ನಗ್ತಾರೆ," ಮೇಷ್ಟ್ರೇ ನಕ್ಕರು.
ಒಬ್ಬನನ್ನು ಅವನು ಸಾಕಿದ ಹೆಣ್ಣುಕುದುರೆಗಳೇ ಹರಿದು ತಿಂದವು.
ಕೊನೆಯವನು ಇನ್ನೂ ಮಗು, ರಾಜನ ಮಗ.
ಇಲಿಯೊಂದನ್ನು ಅಟ್ಟಿಸಿಕೊಂಡು ಓಡಿ
ಜೇನಿನ ಹರವಿಗೆ ತಲೆಕೆಳಗಾಗಿ ಬಿದ್ದ.

"ಹೆಸರು ಒಂದೇ. ಅಂಕಿ ಹಾಕು.
ಯಾರನ್ನೂ ಯಾರೊಳಗೂ ಸೇರಿಸಬೇಡ."

ಹೆಸರಿನ ಅರ್ಥ ಕೇಳಿದೆ, ಸುಮ್ಮನೆ.
ನೀಲಿ, ಅಂದರು. ಪೂರ್ತಿ ನೀಲಿಯೂ ಅಲ್ಲ,
ಮೋಡ ಕವಿದಾಗ ನೀರಿಗೆ ಬರುವ ಬಣ್ಣ.
ನನ್ನ ಹೆಸರು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹರವಿಯ ಸಾಲಿಗೆ ಬಂದು ಬೆರಳು ನಿಂತಿತು.

ಅಪ್ಪ ಮಂಡಕ್ಕಿ ಭಟ್ಟಿಯಲ್ಲಿದ್ದ.
ಅಲ್ಲಿ ನೆಲ್ಲು ನೆನೆಹಾಕುವ ತೊಟ್ಟಿಯ ಅಂಚಿಗೆ ನೀಲವ್ವ ಆಡುತ್ತಿದ್ದಳು,
ಎರಡು ವರ್ಷ ನಾಲ್ಕು ತಿಂಗಳು.
ಏನನ್ನು ಅಟ್ಟಿಸಿಕೊಂಡು ಹೋದಳೋ, ಹೊಗೆಯಲ್ಲಿ ಯಾರೂ ನೋಡಲಿಲ್ಲ.
ಅದಾಗಿ ಎಂಟು ತಿಂಗಳಿಗೆ ನಾನು.
ಹೆಸರು ಮನೆಯಲ್ಲೇ ಬಿದ್ದಿತ್ತು,
ಮುನ್ಸಿಪಾಲ್ಟಿಯ ಚೀಟಿ ಟ್ರಂಕಿನಲ್ಲಿತ್ತು,
ಇನ್ನೊಂದಕ್ಕೆ ಯಾಕೆ ಅಲೆಯೋದು ಅಂದರಂತೆ.
ಹಾಗಾಗಿ ಕಾಗದದ ಮೇಲೆ ನಾನು ನನಗಿಂತ
ಮೂರು ವರ್ಷ ದೊಡ್ಡವಳು.
ಅವ್ವ "ನೀಲಾ" ಅಂತ ಕೂಗಿದರೆ
ಓಡಿಬರುವ ನನ್ನ ಆಚೆಗೆ ಒಂದು ಗಳಿಗೆ ನೋಡುತ್ತಿದ್ದಳು,
ಹಿಂದೆ ಇನ್ನೂ ಯಾರೋ ಬರುವುದಿದೆ ಅನ್ನುವ ಹಾಗೆ.

ಜೇನಿನ ಮಗುವನ್ನು ಹಾವು ತಂದ ಬೇರಿನಿಂದ
ಕಣಿಯವನೊಬ್ಬ ಎಬ್ಬಿಸಿದನಂತೆ, ತನ್ನ ವಿದ್ಯೆಯನ್ನೂ ಕಲಿಸಿದನಂತೆ.
ಊರು ಬಿಡುವಾಗ, ನನ್ನ ಬಾಯಿಗೆ ಉಗುಳು, ಅಂದ.
ಮಗು ಉಗುಳಿತು. ಕಲಿತದ್ದೆಲ್ಲ ಮರೆಯಿತು.
"ಎದ್ದದ್ದು ಅದೇ ಮಗುವಾ ಸರ್?" ಕೇಳಿದೆ.
ಮೇಷ್ಟ್ರು ಕನ್ನಡಕ ಒರೆಸಿದರು, ಮತ್ತೆ ಒರೆಸಿದರು.
"ಅದನ್ನ ಯಾರೂ ಬರೆದಿಲ್ಲಮ್ಮ."

ಮೂವರನ್ನೂ ವಾಪಸು ತಂದೆ. ಮಗುವಿಗೆ ಒಂದನೇ ಅಂಕಿ ಹಾಕಿದೆ,
ಮೇಷ್ಟ್ರ ಕರಡಿನಲ್ಲಿ ಅದು ನಾಲ್ಕನೆಯದು.

ಕೊನೆಯ ಪುಟಕ್ಕೆ ನಿನ್ನ ಹೆಸರೂ ಹಾಕಿಕೋ ಅಂದರು ಸಾಹೇಬರು.
ಅಕ್ಷರ ಜೋಡಣೆ: ನೀಲವ್ವ ೨.
ತಪ್ಪು ಬಿದ್ದಿದೆ ಅಂತ ಅಂಕಿಯನ್ನು ಅವರೇ ಹೊಡೆದುಹಾಕಿದರು.
ಅದರ ಹಿಂದೆ ಒತ್ತಿದ್ದ ಒಂದು ಸ್ಪೇಸು ಮಾತ್ರ ಕಣ್ಣಿಗೆ ಬೀಳಲಿಲ್ಲ.
ಐನೂರು ಪ್ರತಿಯಲ್ಲೂ
ನನ್ನ ಹೆಸರಿಗೂ ಚುಕ್ಕೆಗೂ ನಡುವೆ
ಅದು ಹಾಗೇ ಇದೆ.