ಹದಿನೆಂಟು ಕೆ.ಜಿ.

ಎರಡೂ ಹದಿನೆಂಟು ಕೆ.ಜಿ.
ತಕ್ಕಡಿಯ ಮೇಲೆ ನಾನೇ ಹಿಡಿದು ನಿಲ್ಲಿಸಿದ್ದು.
ಒಂದಕ್ಕೆ ಹೆತ್ತೂರಿನ ತೋಟದ ತಂತಿಬೇಲಿ ತೊಡೆ ಸೀಳಿತ್ತು,
ಇನ್ನೊಂದರ ಹಿಂಗಾಲ ಮೇಲೆ ಸಂತೇಪೇಟೆಯಲ್ಲಿ ಆಟೋ ಹತ್ತಿತ್ತು.

ರಾತ್ರಿ ಹತ್ತೂವರೆ.
ಸಾಲಗಾಮೆ ರಸ್ತೆಯ ಕರೆಂಟು ಎರಡು ಸಲ ಹೋಗಿ ಬಂದಿತ್ತು.
ಡಾಕ್ಟರ್ ಮೆಹರುನ್ನಿಸಾ ಒಂದೇ ಸೀಸೆಯಿಂದ
ಒಂದೇ ಗೆರೆಯವರೆಗೆ ಎಳೆದರು, ಎರಡು ಸಿರಿಂಜು.
ಬ್ಯುಟಾರ್ಫನಾಲ್ ಅನ್ನುವ ಹೆಸರು
ಹನ್ನೊಂದು ವರ್ಷ ಡ್ರೆಸರಮ್ಮನಾಗಿದ್ದರೂ ನನ್ನ ಬಾಯಲ್ಲಿ ಕೂತಿಲ್ಲ.
ನೋವಿನ ನೀರು ಅಂತೀನಿ.

ಡ್ಯೂಕ, ಉದ್ದ ಮೂತಿಯದು,
ಯಾವ ದೊರೆ ಬಿಟ್ಟುಹೋದ ಕೋಲಿ ನಾಯಿಯ ಎಷ್ಟನೇ ಮರಿಮಗನೋ,
ಹತ್ತೇ ನಿಮಿಷಕ್ಕೆ ತೂಗತೊಡಗಿತು.
ಕತ್ತು ಜಾರಿತು. ನಾಲಿಗೆ ಮೇಜಿಗೆ ಅಂಟಿತು.
ಹನ್ನೊಂದಕ್ಕೆ ಕರೆದೆ, ಇಲ್ಲ.
ಹನ್ನೆರಡಕ್ಕೆ ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದೆ, ಇಲ್ಲ.
ಮೂಗಿನ ಮುಂದೆ ಕೈ ಇಟ್ಟುಕೊಂಡು ಉಸಿರು ಎಣಿಸುತ್ತಾ ಕೂತೆ,
ಚಿಲ್ಲರೆ ಎಣಿಸುವವಳ ಹಾಗೆ.

ಬನ್ನು ಮಾತ್ರ
(ಎಗ್‌ರೈಸ್ ಗಾಡಿಯ ಮುನೀರ ಇಟ್ಟ ಹೆಸರು)
ಸೂಜಿಯೇ ಬಿದ್ದಿಲ್ಲವೆಂಬಂತೆ ಕೂಗುತ್ತಿತ್ತು.
ಕೂಗೂ ಅಲ್ಲ ಅದು, ಎಣ್ಣೆ ಕಾಣದ ಕೀಲು.
ಕಲಿಯಲು ಬಂದ ಹುಡುಗ ಮೊಬೈಲಿನಿಂದ ತಲೆಯೆತ್ತಿ ಅಂದ:
‘ಬೀದಿ ನಾಯಿ ಅಲ್ವಾ, ನಾಟಕ.’

ಆ ಮಾತು ನನಗೆ ಹಳೆಯ ಪರಿಚಯ.
ಜಿಲ್ಲಾಸ್ಪತ್ರೆಯ ಹೆರಿಗೆ ವಾರ್ಡು, ಹೊಟ್ಟೆ ಕೊಯ್ದ ಮರುರಾತ್ರಿ.
ಪಕ್ಕದ ಮಂಚದ ದುದ್ದದ ಹೆಂಗಸು
ಅದೇ ಇಂಜೆಕ್ಷನ್ನಿಗೆ ಗೊರಕೆ ಹೊಡೆದಳು.
ನಾನು ಸೆರಗಿನ ಅಂಚು ಅಗಿದು ನೂಲು ಮಾಡಿದೆ.
ನರ್ಸಮ್ಮ ಅದನ್ನೇ ಅಂದಿದ್ದಳು, ಅದೇ ಮೂರಕ್ಷರ.
ಅವ್ವ ಮಾತ್ರ ನಂಬಿದಳು:
‘ನಮ್ಮ ಕಡೆ ಹೆಂಗಸ್ರಿಗೆ ಸೂಜಿ ಹತ್ತಾಕಿಲ್ಲ ಕಣವ್ವ,
ನಿನ್ನಜ್ಜಿಗೂ ಹಂಗೇ.’

ಡಾಕ್ಟರ್ ಟೀ ಲೋಟ ಹಿಡಿದು ಹೇಳಿದರು:
ಮೆದುಳಿನ ಹೊಸ್ತಿಲಲ್ಲಿ ಒಬ್ಬ ಕಾವಲಿನವನು ಇರುತ್ತಾನಂತೆ,
ಒಳನುಗ್ಗಿದ ಔಷಧಿಯನ್ನು ಹೊರಕ್ಕೆ ದಬ್ಬುವುದೇ ಅವನ ಕೆಲಸ.
ಕುರಿ ಕಾಯುವ ಕೆಲವು ತಳಿಗಳಲ್ಲಿ
ಅವನನ್ನು ಮಾಡುವ ಬರಹದಲ್ಲೇ ನಾಲ್ಕು ಅಕ್ಷರ ಬಿಟ್ಟುಹೋಗಿದೆ.
ಕಾವಲಿಲ್ಲ. ಹೋದದ್ದೆಲ್ಲ ಒಳಗೇ.
‘ಡ್ಯೂಕನದು ಅದೇ ಇರಬೇಕು ಹೊನ್ನಾಜಮ್ಮ,
ಪರೀಕ್ಷೆ ಮಾಡಿಸದೆ ಹೇಳೋಕಾಗಲ್ಲ.’

ನಾಲ್ಕು ಅಕ್ಷರ!
ರೇಷನ್ ಕಾರ್ಡಿನಲ್ಲಿ ನನ್ನ ಹೆಸರಿನ ಒಂದೇ ಒತ್ತು ಬಿಟ್ಟಿದ್ದಕ್ಕೆ
ಮೂರು ತಿಂಗಳು ಅಕ್ಕಿ ನಿಂತಿತ್ತು.
ಹೊನಾಜಮ್ಮ ಅನ್ನುವವಳು ಯಾರೋ,
ಅವಳ ಪಾಲು ಯಾರು ತಿಂದರೋ.

‘ಬನ್ನುವಿನದು?’
ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.
ಕೆಲವು ಪಿತ್ತಕೋಶ ಔಷಧಿಯನ್ನು ಬೇಗ ಅರೆದು ಮುಗಿಸುತ್ತದೆ,
ಕೆಲವು ಮೈಯಲ್ಲಿ ಅದು ಕೂರುವ ಜಾಗವೇ ಬೇರೆ ಅಚ್ಚಿನದು.
ಇದರದ್ದು ಯಾವುದೋ.
‘ಬೀದಿ ನಾಯಿ ವಂಶಾವಳಿ ಯಾರು ಬರೆದಿಟ್ಟಿದಾರೆ?’

ಬರೆದಿಲ್ಲ, ಸರಿ.
ನಂಬಬಹುದಲ್ಲ.

ನಂಬಿದರು. ಬೇರೆ ಸೀಸೆ ತೆಗೆದರು,
ಗೆರೆ ನೋಡಲಿಲ್ಲ, ನಾಯಿಯ ಹುಬ್ಬು ನೋಡಿದರು,
ಚೂರು ಚೂರೇ, ನಿಲ್ಲಿಸಿ, ನೋಡಿ, ಇನ್ನೊಂದು ಚೂರು.
ಎರಡು ಗಂಟೆಗೆ ಕೀಲಿನ ಸದ್ದು ನಿಂತಿತು.
ಹುಡುಗನ ಮೊಬೈಲೂ ಜೇಬಿಗೆ ಹೋಗಿತ್ತು;
ಕೇಳದೆಯೇ ಬಂದು ಬ್ಯಾಟರಿ ಹಿಡಿದುಕೊಂಡು ನಿಂತ.

ಚೀಟಿ ತುಂಬಿಸುವುದು ನನ್ನ ಕೆಲಸ.
ತಳಿ: ಗೊತ್ತಿಲ್ಲ.
ವಯಸ್ಸು: ಗೊತ್ತಿಲ್ಲ.
ತೂಕ: ಹದಿನೆಂಟು.
ಷರಾ ಅನ್ನುವ ಖಾನೆಯಲ್ಲಿ ಯಾರೂ ಏನೂ ಬರೆಯುವುದಿಲ್ಲ.
ಬರೆದೆ: ನೋವು ನಿಜ. ಒಂದು ಸೂಜಿಗೆ ಜಗ್ಗುವುದಿಲ್ಲ.
ನನ್ನ ಮಗಳ ಆಸ್ಪತ್ರೆ ಪುಸ್ತಕದಲ್ಲೂ
ಇದನ್ನೇ ಬರೆಸಬೇಕು, ಏಳನೇ ತಿಂಗಳು ಅವಳಿಗೆ.

ನಾಲ್ಕೂವರೆಗೆ ಡ್ಯೂಕ ಒಂದು ಕಣ್ಣು ತೆರೆದು
ನನ್ನನ್ನು ಯಾರೋ ಎಂಬಂತೆ ನೋಡಿತು.
ಬೆಳಿಗ್ಗೆ ಮುನೀರ ಬೇಯಿಸಿದ ಮೊಟ್ಟೆ ತಂದ.
ಬನ್ನು ನಿದ್ದೆಯಲ್ಲಿತ್ತು.
ತೋಟದವರು ಜೀಪು ತರುವಷ್ಟರಲ್ಲಿ
ಡ್ಯೂಕ ಎರಡನ್ನೂ ತಿಂದು ಮುಗಿಸಿತ್ತು.