ಮಿಂಚುಳ್ಳಿಯ ಅಳತೆ

ಭಾನುವಾರ ರಾತ್ರಿ ಎಂಟೂವರೆಗೆ
ಗುತ್ತಲು ರಸ್ತೆಯ ನನ್ನ ಅಂಗಡಿಯ ಷಟರು ಅರ್ಧ ಇಳಿಸಿ
ನಾನು, ಕಾಜಾ ಗುಂಡಿಯ ಕೆಂಪೀರಯ್ಯ, ಅವನ ಮೊಮ್ಮಗ ಪ್ರೀತಂ
ಟೀವಿ ಮುಂದೆ ಕಾದು ಕೂತೆವು.
ಬಂದ.
ಮೊದಲು ಕಂಡದ್ದು ಕಂಕುಳು.
ಹೊಲಿಗೆ ಬಿಟ್ಟಿತ್ತು.

ಮೂವತ್ತೆಂಟು ವರ್ಷ ಕಾದಿದ್ದೆ ಸ್ವಾಮಿ,
ಈ ಕಂಕುಳು ನೋಡುವುದಕ್ಕೆ.

ಆಗ ಮಿಂಚುಳ್ಳಿ ವಾರಕ್ಕೊಂದು ಪುಟ ಬರುತ್ತಿದ್ದ
ಕ್ಷೌರದಂಗಡಿಯ ಬೆಂಚಿನ ಮೇಲೆ,
ಯಾರದೋ ಕೂದಲು ಅಂಟಿದ ಪತ್ರಿಕೆಯಲ್ಲಿ.
ಅವನಿಗೋಸ್ಕರ ತಿಂಗಳಿಗೆರಡು ಸಲ ತಲೆ ಕೊಟ್ಟೆ.
ಅವ್ವ ಬೈದಳು: "ನಿನ್ ತಲೇಲಿ ಕೂದ್ಲು ಬೆಳೀತದೋ
ಕಬ್ಬು ಬೆಳೀತದೋ?"

ಹಗಲು ಅವನು ನೀರುಗಂಟಿ.
ನಾಲೆಯ ತೂಬಿನ ಪಕ್ಕ ಬೀಡಿ ಸೇದುತ್ತ
ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು
ನೆರಳು ನೋಡಿ ಹೇಳುವವನು.
ರಾತ್ರಿ ಮಾತ್ರ ನೀಲಿ.
ಅದೂ ಎಂಥ ನೀಲಿ! ಮೊಣಕೈಯಲ್ಲಿ ತೇಪೆ,
ತೇಪೆಯ ಒಂದೊಂದು ಹೊಲಿಗೆಯನ್ನೂ ಎಣಿಸಿ ಬರೆದಿದ್ದ
ಆ ಚಿತ್ರಗಾರ. ತನ್ನ ಹೆಸರು ಹಾಕಿಕೊಳ್ಳುತ್ತಿರಲಿಲ್ಲ.
ನಾನು ದರ್ಜಿಯಾದದ್ದು ಆ ತೇಪೆಯಿಂದ
ಅಂದರೆ ನಗುತ್ತಾರೆ. ನಗಲಿ.

ಅವನು ಹಾರುವುದನ್ನು ಒಂದು ಸಲವೂ ತೋರಿಸಲಿಲ್ಲ.
ಒಂದು ಚೌಕದಲ್ಲಿ ಈಚೆ ದಡ,
ಮುಂದಿನ ಚೌಕದಲ್ಲಿ ಆಚೆ ದಡ, ಒದ್ದೆ ಕಾಲು.
ನಡುವೆ ಬೆರಳಗಲ ಬಿಳಿ.
ಈಜಿದನೋ ಹಾರಿದನೋ ಎಂದು
ಬೆಂಚಿನ ಮೇಲೆ ಹೊಡೆದಾಟವೇ ಆಗಿತ್ತು.
ನಾನು ಹಾರಿಸಿದೆ. ಆ ಬಿಳಿಯಲ್ಲಿ, ನನ್ನ ಖರ್ಚಿನಲ್ಲಿ,
ಎಷ್ಟು ವರ್ಷ!

ಕಡೆಯ ಪುಟದಲ್ಲಿ ತೂಬಿನೊಳಗೆ ಕೈ ಹಾಕಿದ್ದ.
ಕೆಳಗೆ 'ಮುಂದಿನ ವಾರ' ಅಂತಿತ್ತು.
ಮುಂದಿನ ವಾರ ಪತ್ರಿಕೆಯೇ ನಿಂತುಹೋಯಿತು.
ಅವತ್ತಿನಿಂದ ಅವನ ಕೈ ಅಲ್ಲೇ ಇದೆ,
ನೀರು ಬಿಟ್ಟಾಗೆಲ್ಲ ನನ್ನ ಬೆರಳು ತಣ್ಣಗಾಗುತ್ತದೆ.

ಈಗ ಆ ಬಿಳಿಯ ತುಂಬ ಹೊಗೆ ಬಿಟ್ಟಿದ್ದಾರೆ.
ಹಗ್ಗ ಕಾಣುತ್ತದೆ. ಕಂಡರೆ ಕಾಣಲಿ,
ಹಗ್ಗವನ್ನು ನಂಬಿದ ಮುಖವಾದರೂ ಬೇಡವೆ?
ನೀರುಗಂಟಿ ಹೋಗಿ ಗಾಜಿನ ಕಟ್ಟಡದ ವಿಜ್ಞಾನಿ.
ಮಾತೇ ಆಡದವನಿಗೆ
ಹೊಡೆಯುವ ಮುಂಚೆ ಭಾಷಣ, ಹೊಡೆದ ಮೇಲೆ ಭಾಷಣ,
ನಡುವೆ ಒಂದೇ ಪೆಟ್ಟು, ಮೂರು ಕಡೆಯಿಂದ.
ಎದೆಯ ಮೇಲೆ ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟು.
ಮೈತುಂಬ ಸ್ಯಾಟಿನ್, ಪೇಟೆಬೀದಿಯಲ್ಲಿ
ಚೌಕಾಸಿ ಮಾಡಿದರೆ ಮೀಟರಿಗೆ ಐವತ್ತೈದು.
ತೂಬಿನಲ್ಲಿ ಏನಿತ್ತೆಂದು ಹೇಳಲಿಲ್ಲ.
ತೂಬೇ ಇರಲಿಲ್ಲವಲ್ಲ.

ಕೆಂಪೀರಯ್ಯ ಎಲೆಅಡಿಕೆ ಉಗಿದು ಬಂದು ಅಂದ:
"ಬುಡು ಅತ್ಲಾಗೆ, ಕುರಿ ಕಾಯೋನ್ಗೆ ಕಿರೀಟ ಇಟ್ಟವ್ರೆ."
ನಾನು ಏನೂ ಅನ್ನಲಿಲ್ಲ.
ಜಾಹೀರಾತು ಬಂತು.
ಅದರಲ್ಲಿ ಅಂಗಿ ಚೆನ್ನಾಗಿ ಹೊಲಿದಿದ್ದರು.

ರೆಪ್ಪೆ ಹೊಡೆಯದೆ ನೋಡಿದವನು ಪ್ರೀತಂ ಒಬ್ಬನೇ.
"ಮಾಮ, ಸ್ಕೂಲ್ ಡೇಗೆ ನಂಗೆ ಇಂಥದ್ದೇ ಬೇಕು.
ಇಂಥದ್ದೇ. ಲೈಟೂ ಇರ್ಬೇಕು."
ಎರಡೂ ಕೈ ಚಾಚಿ ನಿಂತೇಬಿಟ್ಟ, ಅಳತೆಗೆ.
ಇವನಲ್ಲ ಕಣೋ ಮಿಂಚುಳ್ಳಿ, ಅನ್ನಬೇಕೆಂದಿದ್ದೆ.
ಬಾಯಲ್ಲಿ ಟೇಪು ಕಚ್ಚಿಕೊಂಡಿದ್ದೆ.
ಎದೆ ಇಪ್ಪತ್ತನಾಲ್ಕು, ತೋಳು ಹದಿನಾರು;
ಬೆಳೆಯುವ ಹುಡುಗ, ಒಂದಿಂಚು ಒಳಗೆ ಬಿಡಬೇಕು.

ರಾತ್ರಿಯೆಲ್ಲ ಸ್ಯಾಟಿನ್ ಸೂಜಿಯಡಿ ಜಾರಿತು,
ಕೈಗೆ ಸಿಕ್ಕದ ಮೀನಿನ ಹಾಗೆ.
ಕಂಕುಳಿಗೆ ಎರಡು ಸಲ ಹೊಲಿಗೆ ಹಾಕಿದೆ.
ಮೊಣಕೈ ಒಳಗಡೆ, ಯಾರ ಕಣ್ಣಿಗೂ ಬೀಳದ ಕಡೆ,
ಹಳೆ ನೀಲಿ ಕಾಟನ್ನಿನ ಒಂದು ತೇಪೆ.
ಹರಿದಿರಲಿಲ್ಲ. ಸುಮ್ಮನೆ.

ಬೆಳಿಗ್ಗೆ ತೊಟ್ಟು, ಕೈ ಮಡಚಿ ನೋಡಿ
"ಇಲ್ಲೇನೋ ಚುಚ್ತದೆ" ಅಂದ.
"ಚುಚ್ಲಿ ಬುಡ್ಲಾ" ಅಂದೆ,
ಬಲ್ಬಿನ ವೈರು ಹಲ್ಲಿನಲ್ಲಿ ಸುಲಿಯುತ್ತ.